ತಿಪ್ಪೆಯಿಲ್ಲದ ಮನೆ

ಬೆಂಗಳೂರಿಗೆ ಬಂದ ಮೊದಲ ದಿನ ನಮ್ಮವ್ವ ಮನೆಯನ್ನೆಲ್ಲ ಒಮ್ಮೆ ಸುತ್ತಿ ನೋಡಿದಳು. ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು, ಬಾಲ್ಕನಿ ಎಂಬ ಹೆಸರಿನ ಎರಡು ಮೊಳದ ಜಾಗದಲ್ಲಿ ನಿಂತು ಬಗ್ಗಿ ಬೀದಿಯನ್ನೂ ನೋಡಿದಳು. ಬಾಡಿಗೆ ಎಷ್ಟು, ನೀರು ಯಾವಾಗ ಬರುತ್ತದೆ, ಇದೊಂದನ್ನೂ ಕೇಳಲಿಲ್ಲ. "ತಿಪ್ಪಿ ಎಲ್ಲೈತಿ ತಮ್ಮಾ?" ಎಂದಳು.

ನನಗೆ ನಗು ಬಂತು. "ಇಲ್ಲಿ ತಿಪ್ಪಿ ಇರಂಗಿಲ್ಲವ್ವ. ದಿನಾ ಮುಂಜಾನೆ ಗಾಡಿ ಬರ್ತೈತಿ, ಕಸ ಒಯ್ತೈತಿ" ಎಂದೆ.

"ಎಲ್ಲಿಗೆ?"

ಹತ್ತಾರು ವರ್ಷ ಪಾಠ ಹೇಳಿದವನಿಗೆ 'ಗೊತ್ತಿಲ್ಲ' ಎನ್ನುವ ಅಭ್ಯಾಸ ತಪ್ಪಿಹೋಗಿರುತ್ತದೆ. "ಊರ ಹೊರಗ" ಎಂದೆ.

"ಊರ ಹೊರಗ ಮತ್ತೊಂದು ಊರು ಇರ್ತೈತಲ್ಲೋ" ಎನ್ನುತ್ತ ಅವ್ವ ಒಳಗೆ ಹೋದಳು. ಇದು 2018ರ ಮಾತು. ಆಗತಾನೆ ನನಗೆ ಇಲ್ಲಿಯ ಕಾಲೇಜಿಗೆ ವರ್ಗವಾಗಿತ್ತು.

ನಮ್ಮದು ರಾಯಚೂರು ಜಿಲ್ಲೆಯ ಬಳಗಾನೂರು. ಸಿಂಧನೂರು, ಮಸ್ಕಿಗಳ ಸೀಮೆ. ನಾನು ಹುಡುಗನಾಗಿದ್ದಾಗ ಅಲ್ಲಿ ಮನೆಗೊಂದು ಬಾಗಿಲಿರುವಂತೆ ಮನೆಗೊಂದು ತಿಪ್ಪೆಯೂ ಇರುತ್ತಿತ್ತು. ದನದ ಸಗಣಿ, ಒಲೆಯ ಬೂದಿ, ಎತ್ತು ತಿಂದುಳಿಸಿದ ಜೋಳದ ಕಣಿಕೆ, ಅಂಗಳದ ಕಸ, ಎಲ್ಲಕ್ಕೂ ಅದೇ ಕೊನೆಯ ನೆಲೆ. ಕೊನೆಯದೆಂದದ್ದು ತಪ್ಪು. ಮುಂಗಾರಿಗೆ ಮುಂಚೆ ತಿಪ್ಪೆಯನ್ನು ಕಡಿದು, ಬಂಡಿ ತುಂಬಿ ಎರೆಹೊಲಕ್ಕೆ ಹೇರುತ್ತಿದ್ದರು. ಮನೆಯಿಂದ ಹೋದದ್ದು ಜೋಳವಾಗಿ ಮನೆಗೇ ತಿರುಗಿ ಬರುತ್ತಿತ್ತು. ಹೆಣ್ಣು ಕೊಡಲು ಬಂದವರು ಗಂಡಿನ ಮನೆಯ ತಿಪ್ಪೆಯನ್ನು ನೋಡಿ ಕೊಟ್ಟಿಗೆಯಲ್ಲಿ ದನ ಎಷ್ಟಿರಬಹುದೆಂದು ಎಣಿಕೆ ಹಾಕುತ್ತಿದ್ದರೆಂದು ಹಿರಿಯರು ಹೇಳುವುದುಂಟು. ದೀಪಾವಳಿಯ ಪಾಡ್ಯದಂದು ಅವ್ವ ಸಗಣಿಯ ಪಾಂಡವರನ್ನು ಮಾಡಿ, ಚೆಂಡುಹೂ ಸಿಕ್ಕಿಸಿ, ತಿಪ್ಪೆಯ ಮೇಲೂ ಒಂದನ್ನು ಇಟ್ಟು ಕೈಮುಗಿದು ಬರುತ್ತಿದ್ದಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ತಿಪ್ಪೆಯ ಪಾಲಾದದ್ದನ್ನು ಯಮನೂ ಮುಟ್ಟುವುದಿಲ್ಲವೆಂಬ ನಂಬಿಕೆ.

ನಮ್ಮ ಸೀಮೆಗೂ ಸಗಣಿಗೂ ಇರುವ ನಂಟು ಇನ್ನೂ ಹಳೆಯದು. ರಾಯಚೂರು, ಬಳ್ಳಾರಿಗಳ ಕಡೆ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಹಂಪಿಯ ಬಳಿ ನಿಂಬಾಪುರದಲ್ಲಿರುವುದನ್ನು ವಾಲಿಯ ಚಿತೆಯ ಬೂದಿ ಎಂದು ಜನ ತೋರಿಸುತ್ತಾರೆ. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವೊಂದನ್ನು ಅಗೆದು ನೋಡಿ, ಇದು ನವಶಿಲಾಯುಗದ ದನಗಾಹಿಗಳ ದೊಡ್ಡಿಯಲ್ಲಿ ಸಗಣಿ ಸೇರಿ, ಸುಟ್ಟು ಉಳಿದದ್ದೆಂದು ತೋರಿಸಿದರು. ವಾಲಿಯ ವೈಭವ ಹೋಯಿತು, ನಿಜ. ಆದರೆ ಸಾವಿರಾರು ವರ್ಷಗಳ ಹಿಂದಿನ ಮನುಷ್ಯ ನಮಗೆ ಬಿಟ್ಟುಹೋದ ಆಸ್ತಿಯಲ್ಲಿ ಅವನ ತಿಪ್ಪೆಯೂ ಒಂದು ಎಂಬುದು ಸಣ್ಣ ಸಂಗತಿಯೆ?

ಇಷ್ಟೆಲ್ಲ ಹೇಳುವ ನನಗೆ ಆಗ ತಿಪ್ಪೆಯೆಂದರೆ ನಾಚಿಕೆ. ಸಗಣಿಯ ಬುಟ್ಟಿ ಹೊತ್ತು ಹೋಗುವಾಗ ಸಹಪಾಠಿಗಳು ಎದುರಾದರೆ ಭೂಮಿ ಬಾಯಿ ಬಿಡಬಾರದೆ ಎನ್ನಿಸುತ್ತಿತ್ತು. ನಾನು ಎಂ.ಎ. ಓದಿದ್ದರ ಹಿಂದೆ ಪಂಪ ರನ್ನರ ಮೇಲಣ ಪ್ರೀತಿ ಎಷ್ಟಿತ್ತೋ, ಆ ಬುಟ್ಟಿಯಿಂದ ಪಾರಾಗುವ ಆಸೆಯೂ ಅಷ್ಟೇ ಇತ್ತು. ಪಾರಾದೆನೆಂದುಕೊಂಡೇ ಬೆಂಗಳೂರಿನ ರೈಲು ಹತ್ತಿದ್ದೆ.

ಇಲ್ಲಿ ತಿಪ್ಪೆಯಿಲ್ಲ, ನಿಜ. ಆದರೆ ಅದರ ಬದಲು ಒಂದು ವ್ಯಾಕರಣವಿದೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ವಿಧಿಸಿದ ಕ್ರಮ: ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ. ಕೆಂಪು ಬುಟ್ಟಿಗೆ ಡಯಪರು, ಬ್ಯಾಂಡೇಜುಗಳಂಥವು. ಚೀಲಕ್ಕೆ ಕಾಗದ, ಪ್ಲಾಸ್ಟಿಕ್ಕು ಮೊದಲಾದ ಒಣ ಕಸ. ಲಿಂಗ ಮೂರು, ಕಸವೂ ಮೂರು ಎಂದು ನಾನು ಸುಲಭವಾಗಿ ಒಪ್ಪಿಕೊಂಡೆ. ಪ್ರಯೋಗಕ್ಕೆ ಇಳಿದಾಗ ತೊಡಕು ಕಾಣಿಸಿತು. ಚಹಾದ ಪುಡಿ ಹಸಿ, ಸರಿಯೆ. ಅದನ್ನು ಕಟ್ಟಿಟ್ಟ ಪುಟ್ಟ ಚೀಲ, ಚೀಲದ ದಾರ, ದಾರದ ಪಿನ್ನು ಯಾವ ಲಿಂಗ? ಬಜ್ಜಿಯ ಎಣ್ಣೆ ಕುಡಿದ ಕಾಗದ? ಕೇಶಿರಾಜನೇ ಬಂದಿದ್ದರೂ ನಾಲ್ಕಾರು ಅಪವಾದಸೂತ್ರಗಳನ್ನು ಬರೆಯದೆ ಗತ್ಯಂತರವಿರುತ್ತಿರಲಿಲ್ಲ.

ಅವ್ವನಿಗೆ ಈ ವ್ಯಾಕರಣ ಹಿಡಿಸಲಿಲ್ಲ. ಮೂರನೆಯ ದಿನ ನಮ್ಮ ಮನೆಯ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಬಲು ಸಭ್ಯರು. ಎರಡು ಬೆರಳಿನಿಂದ ಒಂದು ಬಾಳೆಹಣ್ಣಿನ ಸಿಪ್ಪೆಯನ್ನು ಹಿಡಿದುಕೊಂಡು, "ಮೇಷ್ಟ್ರೇ, ಇದು ನಮ್ಮ ಸ್ಕೂಟರಿನ ಸೀಟಿನ ಮೇಲಿತ್ತು" ಎಂದರು. ಊರಿನಲ್ಲಿ ಸಿಪ್ಪೆಯನ್ನು ಹೊರಗೆ ಎಸೆದರೆ ಅದು ನೆಲಕ್ಕೆ ಬೀಳುವ ಮೊದಲೇ ಆಡೊಂದು ಬಾಯಿ ಹಾಕುತ್ತಿತ್ತು. ಇಲ್ಲಿ ಆಡಿನ ಜಾಗದಲ್ಲಿ ಸ್ಕೂಟರಿತ್ತು. ಇದು ಅವ್ವನ ತಪ್ಪೋ ಸ್ಕೂಟರಿನ ತಪ್ಪೋ, ಓದುಗರೇ ತೀರ್ಮಾನಿಸಲಿ.

ಆ ಪ್ರಸಂಗದ ಮೇಲೆ ನಾನು ಒಂದು ನಿಶ್ಚಯಕ್ಕೆ ಬಂದೆ. ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆಗಳನ್ನು ತಂದು ಬಾಲ್ಕನಿಯಲ್ಲಿಟ್ಟೆ. ಮನೆಯಲ್ಲೇ ಗೊಬ್ಬರ ಮಾಡುವ ಪುಸ್ತಕಗಳನ್ನು ಶಾಸ್ತ್ರೋಕ್ತವಾಗಿ ಓದಿದೆ. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿಜ್ಞಾನಿ ಇಂದೂರಿನಲ್ಲಿ ನಮ್ಮ ರೈತರ ರೂಢಿಗಳನ್ನು ನೋಡಿ, ಪ್ರಯೋಗ ಮಾಡಿ, ಯಶವಂತ ವಾಡ್ ಅವರ ಜೊತೆಗೂಡಿ 1931ರಲ್ಲಿ ಬರೆದ ಪುಸ್ತಕದಿಂದ 'ಇಂದೂರು ಪದ್ಧತಿ' ಜಗತ್ತಿಗೆಲ್ಲ ತಿಳಿಯಿತಂತೆ. ಅದಕ್ಕಿಂತ ನನಗೆ ಬೆರಗಾದದ್ದು 'ಬೆಂಗಳೂರು ಪದ್ಧತಿ' ಎಂಬುದೊಂದು ಇದೆಯೆಂದು ತಿಳಿದಾಗ. 1939ರಲ್ಲಿ ಸಿ. ಎನ್. ಆಚಾರ್ಯ ಎಂಬವರು ಇದೇ ಊರಿನಲ್ಲಿ ಅದನ್ನು ರೂಪಿಸಿದರು. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಹಾಗೇ ಬಿಟ್ಟು ಗೊಬ್ಬರ ಮಾಡುವ ಕ್ರಮ. ಕಸವನ್ನು ಏನು ಮಾಡುವುದೆಂದು ತಿಳಿಯದ ಊರು ಎಂದು ನಾವು ಆಡಿಕೊಳ್ಳುವ ಊರೇ ಕಸದ ಒಂದು ವಿದ್ಯೆಗೆ ತನ್ನ ಹೆಸರನ್ನು ಕೊಟ್ಟಿದೆ!

ಇಷ್ಟು ವಿದ್ಯೆ ಸಂಪಾದಿಸಿದರೂ ನನ್ನ ಮಡಕೆ ಎರಡೇ ವಾರಕ್ಕೆ ನಾರತೊಡಗಿತು. ಮುಚ್ಚಳ ತೆಗೆದರೆ ಬಿಳಿಯ ಹುಳುಗಳು ಮಿಜಿಗುಡುತ್ತಿದ್ದವು. ಮಾಲೀಕರು ಮತ್ತೊಮ್ಮೆ ಮೆಟ್ಟಿಲು ಹತ್ತುವ ಸಪ್ಪಳ ಕೇಳಿಸಿದಂತೆ ನನಗೆ ಭ್ರಮೆಯಾಗುತ್ತಿತ್ತು. ಅಷ್ಟು ದಿನ ಸುಮ್ಮನೆ ನೋಡುತ್ತಿದ್ದ ಅವ್ವ ಮಡಕೆಯೊಳಗೆ ಇಣುಕಿ, "ಬರೇ ಮುಸುರಿ ಸುರುವಿದ್ರ ಏನಾಗತೈತೋ? ತಿಪ್ಪಿಗೆ ಒಣಾದೂ ಬೇಕು, ಉಸರೂ ಬೇಕು" ಎಂದಳು. ಬೀದಿಯ ಹೊಂಗೆಮರ ಉದುರಿಸಿದ ತರಗೆಲೆಯನ್ನು ಒಂದು ಚೀಲ ತುಂಬಿ ತಂದು ಬೆರೆಸಿದಳು; ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿದಳು. ಹಸಿಯಲ್ಲಿ ಸಾರಜನಕ, ಒಣ ಎಲೆಯಲ್ಲಿ ಇಂಗಾಲ. ಎರಡೂ ಹದವಾಗಿ ಕೂಡಿ ಗಾಳಿಯಾಡಿದರೆ ಕಣ್ಣಿಗೆ ಕಾಣದ ಜೀವಿಗಳು ಕೆಲಸಕ್ಕೆ ತೊಡಗಿ, ರಾಶಿ ಬಿಸಿಯೇರುತ್ತದೆ. ಪುಸ್ತಕದಲ್ಲಿ ಇದು ಇತ್ತು. ನನ್ನ ಕಣ್ಣಿಗೆ ಬಿದ್ದಿತ್ತು, ಕೈಗೆ ಬಂದಿರಲಿಲ್ಲ. ಎರಡು ತಿಂಗಳಿಗೆ ಮಡಕೆಯ ತಳದಲ್ಲಿ ಕಪ್ಪನೆಯ ಪುಡಿ. ಮೂಗಿಗೆ ಹಿಡಿದರೆ ಮೊದಲ ಮಳೆ ಬಿದ್ದ ಎರೆಹೊಲದ ವಾಸನೆ.

ಅವ್ವ ಮೊದಲ ದಿನ ಕೇಳಿದ ಪ್ರಶ್ನೆಗೂ ಈ ನಡುವೆ ಉತ್ತರ ಸಿಕ್ಕಿತು. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವುತ್ತಿದ್ದಾಗ ನಗರದ ಕಸ ಹೋದ ದಾರಿ ಕಣ್ಣಿಗೆ ಬಿತ್ತು. ಯಲಹಂಕದ ಕಡೆಯ ಮಾವಳ್ಳಿಪುರಕ್ಕೆ ಲಾರಿಗಳು ಹೋಗುತ್ತಿದ್ದವು. 2012ರಲ್ಲಿ ಅದು ನಿಂತಿತು. ಆ ಮೇಲೆ ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ಕಸದ ಬೆಟ್ಟ, ನೊಣ, ಕೆಟ್ಟ ನೀರು ಸಾಕಾಗಿ 2014ರಲ್ಲಿ ಮಂಡೂರಿನವರು ಬೀದಿಗಿಳಿದರು. ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಿತು. ಮುಂದೆ ಕಲ್ಲು ತೆಗೆದ ಹಳ್ಳಗಳಿಗೆ ಸರದಿ ಬಂತು. ಊರ ಹೊರಗೆ ಮತ್ತೊಂದು ಊರು ಇದ್ದೇ ಇತ್ತು. ಮಂಡೂರು ಎಂಬಲ್ಲಿ ಬಳಗಾನೂರು ಎಂದು ಓದಿಕೊಂಡು ಪತ್ರಿಕೆಯನ್ನು ಮಡಿಚಿಟ್ಟೆ.

ಇಷ್ಟಾದಮೇಲೆ ನಾನು ಸುಮ್ಮನಿರುವವನೆ? ವಿಶ್ವ ಪರಿಸರ ದಿನದಂದು ಕಾಲೇಜಿನಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಗೊಬ್ಬರದ ಪೊಟ್ಟಣವೊಂದನ್ನು ಎತ್ತಿ ತೋರಿಸಿದೆ. ಚಪ್ಪಾಳೆಯಾಯಿತು.

ಅದೇ ವಾರ ಒಂದು ರಾತ್ರಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಮೊಣಕೈ ತಗಲಿ ಗಾಜಿನ ಲೋಟ ಬಿದ್ದು ಒಡೆಯಿತು. ನಿದ್ದೆ ಎಳೆಯುತ್ತಿತ್ತು. ಚೂರುಗಳನ್ನು ಗುಡಿಸಿ, ಕಾಗದವನ್ನೂ ಸುತ್ತದೆ, ಒಣ ಕಸದ ಚೀಲದೊಳಗೆ ಸುರಿದು ಮಲಗಿದೆ. ಮರುದಿನ ಚೀಲ ಹೋಯಿತು.

ನಮ್ಮ ಬೀದಿಗೆ ಗಾಡಿ ತರುವ ಹೆಣ್ಣುಮಗಳು ಎರಡು ದಿನ ಕಾಣಲಿಲ್ಲ. ಮೂರನೆಯ ದಿನ ಬಂದಾಗ ಬಲಗೈಗೆ ದಪ್ಪನೆಯ ಬಟ್ಟೆ ಸುತ್ತಿತ್ತು. ಅವ್ವ ಗೇಟಿನ ಬಳಿ ನಿಂತು ವಿಚಾರಿಸಿದಳು.

"ಗಾಜಿತ್ತು ಯವ್ವಾ ಚೀಲದಾಗ. ನಾಕು ಹೊಲಿಗಿ ಬಿದ್ವು."

ಆ ಮಾತಿನ ಧಾಟಿಗೆ ಅವ್ವನ ಮುಖ ಅರಳಿತು. "ಯಾವೂರವ್ವ ನಿಂದು?"

"ಲಿಂಗಸುಗೂರು ಕಡೀಯಾಕಿ. ಮಳಿ ಹೋತು, ಗುಳೆ ಬಂದ್ವಿ."

ಇಬ್ಬರೂ ಮಳೆ, ಜೋಳ, ಜಾತ್ರೆ ಎಂದು ಮಾತಿಗೆ ತೊಡಗಿದರು. ನಾನು ಬಾಲ್ಕನಿಯಲ್ಲಿ ಮಡಕೆಯ ಮುಚ್ಚಳ ಹಿಡಿದು ನಿಂತಿದ್ದೆ. ಕೆಳಗಿಳಿದು ಹೋಗಿ ಹೇಳಬೇಕಾದ ಮಾತು ಒಂದೇ ಒಂದು. ಮುಕ್ಕಾಲು ಗಂಟೆ ಮಾತಾಡಬಲ್ಲ ನಾಲಗೆಗೆ ಅದು ಬರಲಿಲ್ಲ.

ಆ ದಿನ ತರಗತಿಯಲ್ಲಿ ಪಾಠ ಆಯ್ದಕ್ಕಿ ಲಕ್ಕಮ್ಮನದು. ಆಕೆಯೂ ಲಿಂಗಸುಗೂರು ತಾಲೂಕಿನ ಅಮರೇಶ್ವರದವಳೇ. ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ವರ್ಷ ವರ್ಷವೂ ಇದನ್ನು ಹೇಳುತ್ತ ಬಂದಿದ್ದೇನೆ. ಕಾಯಕ, ದಾಸೋಹ ಎಂದು ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಇತರರು ಚೆಲ್ಲಿದ್ದನ್ನು ಬಾಗಿ ಆಯುವ ಕೈ ನಮ್ಮ ಗೇಟಿಗೂ ದಿನಾ ಬರುತ್ತದೆಂದು ಹೊಳೆದಿರಲಿಲ್ಲ. ಲಕ್ಕಮ್ಮನ ಮಾತಿನ ಮೊನೆಯೂ ಅಂದೇ ತಗಲಿತು. ಆಕೆ ಕೇಳಿದ್ದು ಮನೆಗೆ ಬಂದದ್ದನ್ನು ಹೇಗೆ ಹೊರಗೆ ಹಾಕುವುದೆಂದಲ್ಲ, ಅಷ್ಟು ಮನೆಗೆ ಬಂದದ್ದೇಕೆ ಎಂದು. ನಮ್ಮ ಮನೆಯ ಒಣ ಕಸದ ಚೀಲ ವಾರಕ್ಕೆ ಎರಡು ಸಲ ತುಂಬುತ್ತಿತ್ತು.

ಮುಂದೆ ಒಮ್ಮೆ ಬಲ್ಬು ಒಡೆಯಿತು. ಈ ಸಲ ಚೂರುಗಳನ್ನು ನಾಲ್ಕು ಸುತ್ತು ಕಾಗದದಲ್ಲಿ ಕಟ್ಟಿ, ಮೇಲೆ ಕೆಂಪು ಶಾಯಿಯಲ್ಲಿ, ದುಂಡು ಅಕ್ಷರದಲ್ಲಿ 'ಗಾಜು ಇದೆ, ಎಚ್ಚರಿಕೆ' ಎಂದು ಬರೆದೆ. ಅವ್ವ ನೋಡಿದಳು. "ಆಕಿಗೆ ಓದಾಕ ಬರ್ತೈತೇನು?" ಎಂದಳು.

ಕನ್ನಡದ ಮೇಷ್ಟರ ಅಕ್ಷರಕ್ಕೆ ಅಂಥ ವಿಮರ್ಶೆ ಇನ್ನೊಂದು ಬಂದಿಲ್ಲ. ಸೀಟಿ ಕೇಳಿಸಿದೊಡನೆ ಪೊಟ್ಟಣ ಹಿಡಿದು ಕೆಳಗಿಳಿದೆ. ಆಕೆಯ ಕೈಗೇ ಕೊಟ್ಟು, "ಇದರಾಗ ಗಾಜೈತಿ, ಬ್ಯಾರೇನ ಇಟ್ಕೋರಿ" ಎಂದೆ. ಅಂಗೈಯ ಮೇಲಿನ ಗಾಯ ಮಾಗಿ ಬಿಳಿಯ ಗೆರೆಯಾಗಿತ್ತು. ಅದನ್ನು ನೋಡಿದ ಮೇಲೆ ಇನ್ನು ತಡೆಯಲಾಗಲಿಲ್ಲ. "ಅವತ್ತಿನ ಗಾಜು ನಮ್ಮ ಮನೀದು. ನಾನ ಹಾಕಿದ್ದೆ. ತಪ್ಪಾತು" ಎಂದೆ.

"ಗೊತ್ತಿತ್ರಿ ಸರ" ಎಂದಳು ಆಕೆ, ಚೀಲವನ್ನು ಗಾಡಿಗೆ ಸಿಕ್ಕಿಸುತ್ತ. "ಯಾರ ಮನಿ ಚೀಲ ಯಾವ್ದಂತ ನಮಗ ಗೊತ್ತಾಗಂಗಿಲ್ಲೇನ್ರಿ?"

ಸಿಟ್ಟೂ ಇಲ್ಲ, ಕ್ಷಮೆಯೂ ಇಲ್ಲ. ಇದ್ದ ಸಂಗತಿಯನ್ನು ಹೇಳಿದಳು, ಅಷ್ಟೆ. ಇಷ್ಟು ದಿನವೂ ಗೊತ್ತಿದ್ದೇ ಆಕೆ ಅವ್ವನೊಡನೆ ನಗುತ್ತ ಮಾತಾಡಿದ್ದಳು. ನಾವು ಏನು ಉಣ್ಣುತ್ತೇವೆ, ಏನು ಚೆಲ್ಲುತ್ತೇವೆ, ಯಾವ ಔಷಧ ನುಂಗುತ್ತೇವೆ, ಎಷ್ಟು ಅಜಾಗರೂಕರು, ಎಲ್ಲವೂ ಆಕೆಗೆ ಗೊತ್ತು. ಆಕೆಯ ವಿಷಯ ನನಗೆ ಗೊತ್ತಿದ್ದದ್ದು ಸೀಟಿಯ ಸದ್ದು ಮಾತ್ರ.

ಹೊರಡುವ ಮುನ್ನ ತಿರುಗಿ ನಿಂತು, "ಸರ, ಅವ್ವಾರು ಮಡಕ್ಯಾಗ ಗೊಬ್ಬರ ಮಾಡ್ಯಾರಂತಲ್ರಿ, ಒಂದು ಬೊಗಸಿ ಕೊಡ್ರಿ. ಶೆಡ್ಡಿನ ಮುಂದ ಪುಂಡಿಪಲ್ಯೆ ಹಾಕೀನಿ" ಎಂದಳು. ಅವ್ವ ಬೊಗಸೆಯಲ್ಲ, ಒಂದು ಚೀಲವನ್ನೇ ಕೊಟ್ಟಳು.

ಕಳೆದ ಯುಗಾದಿಗೆ ಊರಿಗೆ ಹೋಗಿದ್ದೆ. ಊರಿನ ತಿಪ್ಪೆಗಳಲ್ಲಿ ಈಗ ಗುಟ್ಕಾ ಚೀಟಿ, ಶಾಂಪೂ ಚೀಟಿಗಳು ಮಿನುಗುತ್ತವೆ. ಕಡಿದು ಹೊಲಕ್ಕೆ ಹೇರಿದರೆ ಅವೂ ಹೊಲಕ್ಕೆ ಹೋಗುತ್ತವೆ. ಊರಿನಲ್ಲಿ ಎಲ್ಲ ಸರಿಯಿತ್ತು, ಪಟ್ಟಣದಲ್ಲಿ ಎಲ್ಲ ಕೆಟ್ಟಿತು ಎಂದು ಹೇಳುವ ಧೈರ್ಯ ನನಗಿಲ್ಲ. ನಮ್ಮ ಒಣ ಕಸದ ಚೀಲ ಈಗ ಎರಡು ವಾರಕ್ಕೊಮ್ಮೆ ತುಂಬುತ್ತದೆ. ಅದು ಇನ್ನೂ ಹೆಚ್ಚೇ ಎಂದು ಲಕ್ಕಮ್ಮ ಅಂದಾಳು.

ಗೊಬ್ಬರ ಕೊಟ್ಟ ಎರಡು ತಿಂಗಳಿಗೆ, ಒಂದು ಮುಂಜಾನೆ ಕಸದ ಗಾಡಿಯಿಂದ ನಮ್ಮ ಮನೆಗೆ ಒಂದು ಕಟ್ಟು ಪುಂಡಿಪಲ್ಯೆ ಬಂದಿತ್ತು. ಅವ್ವ ಬಾಲ್ಕನಿಯಲ್ಲಿ ಕೂತು ಎಲೆ ಬಿಡಿಸಿದಳು. ದಂಟುಗಳನ್ನು ಸಣ್ಣಗೆ ಮುರಿದು ಮಡಕೆಗೆ ಹಾಕಿ, ಮೇಲೊಂದು ಹಿಡಿ ತರಗೆಲೆ ಉದುರಿಸಿ ಮುಚ್ಚಳ ಮುಚ್ಚಿದಳು.