ದುರ್ಗದಿಂದ ದುರ್ಗಂ ಚೆರುವಿಗೆ

ಹೈದರಾಬಾದಿನ ಮಾಧಾಪುರದಲ್ಲಿ ನಮ್ಮ ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ದುರ್ಗಂ ಚೆರುವು ಇದೆ. ಚೆರುವು ಅಂದರೆ ನಮ್ಮ ಕೆರೆ. ಸುತ್ತ ಬಂಡೆಗುಡ್ಡಗಳು ಮುಚ್ಚಿಕೊಂಡಿದ್ದರಿಂದ ಹಿಂದೆ ಇದನ್ನು 'ಸೀಕ್ರೆಟ್ ಲೇಕ್' ಅನ್ನುತ್ತಿದ್ದರು. ಈಗ ಗುಟ್ಟೇನೂ ಉಳಿದಿಲ್ಲ. 2020ರಲ್ಲಿ ಕೆರೆಯ ಮೇಲೆ ಕೇಬಲ್ ಸೇತುವೆ ಬಂತು, ರಾತ್ರಿ ಅದರ ಬಣ್ಣದ ದೀಪ ನೋಡಲು ಊರೆಲ್ಲ ಸೇರುತ್ತದೆ. ಬೇಸಿಗೆಯಲ್ಲಿ ನೀರು ಸ್ವಲ್ಪ ವಾಸನೆ ಹೊಡೆಯುತ್ತದೆ, ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ.

ನಾನು ಇಲ್ಲಿಗೆ ಬಂದದ್ದು 2013ರಲ್ಲಿ, ಎರಡು ವರ್ಷದ ಮಟ್ಟಿಗೆ ಅಂತ. ಆಗ ಇದು ಆಂಧ್ರಪ್ರದೇಶ. ಮರುವರ್ಷ ತೆಲಂಗಾಣ ಆಯಿತು. ಮನೆ ಬದಲಿಸದೆಯೇ ರಾಜ್ಯ ಬದಲಿಸಿದವರು ನಾವು! ನನ್ನ ಬೈಕಿನ ನಂಬರು ಎಪಿ, ಕಾರಿನದು ಟಿಎಸ್, ಹೋದ ವರ್ಷ ಹೆಂಡತಿ ಕೊಂಡ ಸ್ಕೂಟಿಯದು ಟಿಜಿ. ಇಷ್ಟೆಲ್ಲ ಆದರೂ ಮನೆಗೆ ಒಂದು ಮಂಚ ತಂದಿರಲಿಲ್ಲ. ನೆಲದ ಮೇಲೆ ಹಾಸಿಗೆ. 'ಮುಂದಿನ ವರ್ಷ ಊರಿಗೆ ಹೋಗ್ತೀವಲ್ಲ, ಸಾಗಿಸೋ ಕಷ್ಟ ಯಾಕೆ?' ಅನ್ನುವುದು ನನ್ನ ವಾದ. ಪ್ರತಿ ವರ್ಷವೂ ಅದೇ ವಾದ.

ಈ ಸಂಕ್ರಾಂತಿಗೆ ಚಿತ್ರದುರ್ಗದಿಂದ ಅಪ್ಪ ಬಂದಿದ್ದರು. ಎಪ್ಪತ್ತೆರಡು ವಯಸ್ಸು, ಮಂಡಿನೋವು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆಗೆ ಒಂದು ಕೈ, ನೆಲಕ್ಕೆ ಒಂದು ಕೈ. ಒಮ್ಮೆಯೂ ಏನೂ ಅನ್ನಲಿಲ್ಲ. ನಾನೂ ಕಾಣದವನಂತೆ ಲ್ಯಾಪ್‌ಟಾಪ್ ನೋಡುತ್ತಿದ್ದೆ.

ಭಾನುವಾರ ಕೆರೆಗೆ ಕರೆದುಕೊಂಡು ಹೋದೆ. ಹೆಸರು ಕೇಳಿ, "ಇಲ್ಲೂ ದುರ್ಗಾನೇ ಏನೋ?" ಅಂತ ನಕ್ಕರು. ಸೇತುವೆಯತ್ತ ಒಂದು ಸಲ ಕಣ್ಣು ಹಾಯಿಸಿದರು, ಅಷ್ಟೆ. ನಿಂತದ್ದು ಬಂಡೆಗಳ ಮುಂದೆ. ಒಂದರ ಮೇಲೊಂದು ಇಟ್ಟ ಹಾಗಿರುವ ಗುಂಡುಗಳು, ನಮ್ಮ ಕೋಟೆಯ ದಾರಿಯಲ್ಲಿ ಇರುವಂಥವೇ. ಇವಕ್ಕೆ ಸುಮಾರು 250 ಕೋಟಿ ವರ್ಷ ವಯಸ್ಸು ಅಂದೆ. ಗೋಲ್ಕೊಂಡ ಕೋಟೆಗೆ ಒಂದು ಕಾಲದಲ್ಲಿ ಈ ಕೆರೆಯಿಂದಲೇ ನೀರು ಹೋಗುತ್ತಿತ್ತಂತೆ ಅಂತಲೂ ಹೇಳಿದೆ. ಅಪ್ಪ ನಿವೃತ್ತ ಮೇಷ್ಟ್ರು, ಬಿಡುತ್ತಾರೆಯೇ? ಅಕ್ಕತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡ, ಮೇಲಿನ ಮಳೆನೀರು ಒಂದು ತುಂಬಿ ಇನ್ನೊಂದಕ್ಕೆ ಇಳಿಯುವ ಲೆಕ್ಕ, ಎಲ್ಲ ಮೊಮ್ಮಗಳಿಗೆ ಪಾಠವಾಯಿತು. ಅವಳು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಪುಣ್ಯಕ್ಕೆ 'ತಾತ' ಎರಡರಲ್ಲೂ ತಾತನೇ.

ಅವಳು ಬಾತುಕೋಳಿ ನೋಡಲು ಮುಂದೆ ಓಡಿದಾಗ, ಅಪ್ಪ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು, ಅತ್ತ ನೋಡುತ್ತಲೇ ಹೇಳಿದರು:

"ಮಹಡಿ ರೂಮು ಬಾಡಿಗೆಗೆ ಕೊಟ್ಟೆ ಕಣೋ. ದೀಪಾವಳಿ ಆದಮೇಲೆ. ಗಂಡ ಹೆಂಡತಿ, ಇಬ್ಬರೂ ಆಸ್ಪತ್ರೇಲಿ ಕೆಲಸ. ಒಳ್ಳೆ ಜನ."

ಆ ರೂಮು ನಮಗೆಂದು ಕಟ್ಟಿಸಿದ್ದು. ಹನ್ನೆರಡು ವರ್ಷ ವಾರಕ್ಕೊಮ್ಮೆ ಗುಡಿಸಿ, ಒರೆಸಿ ಬೀಗ ಹಾಕಿಟ್ಟಿದ್ದರು.

"ನನಗೆ ಹೇಳಲೇ ಇಲ್ಲ?" ಅಂದೆ. ದನಿ ಸ್ವಲ್ಪ ಏರಿತ್ತು.

"ಹೇಳಿದ್ರೆ ಮುಂದಿನ ವರ್ಷ ಬರ್ತೀವಿ ಅಂತಿದ್ದೆ."

ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅಪ್ಪ ಮಾತ್ರ ಆರಾಮಾಗಿದ್ದರು. ಬೆಳಿಗ್ಗೆ ಮೇಲಿನಿಂದ ಹೆಜ್ಜೆ ಸಪ್ಪಳ ಕೇಳುತ್ತದಂತೆ, ರೇಡಿಯೋ ಹಾಕುತ್ತಾರಂತೆ, ಕಾಫಿಗೆ ಕೆಳಗೆ ಬರುತ್ತಾರಂತೆ. "ಮನೇಲಿ ಜನ ಇದ್ದ ಹಾಗಿದೆ" ಅಂದರು.

ಏಳುವಾಗ ಕೈ ಚಾಚಿದರು, ಹಿಡಿದು ಎಬ್ಬಿಸಿದೆ.

ಆ ಸಂಜೆಯೇ ಮಂಚಕ್ಕೆ ಹೇಳಿದೆವು. ಅದು ಬಂದದ್ದು ಅಪ್ಪ ರಾತ್ರಿ ಬಸ್ಸು ಹತ್ತಿದ ಮೂರನೇ ದಿನಕ್ಕೆ. ಬಾಗಿಲಲ್ಲಿ ಹಿಡಿಸದೆ, ಕಾಲು ಬಿಚ್ಚಿ ಒಳಗೆ ತಂದರು. ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ, "ಎತ್ತರ ಎಷ್ಟಿದೆ?"

ಟೇಪ್ ಹುಡುಕಿ ಅಳೆದೆ. ಹದಿನೆಂಟು ಇಂಚು.