ಹೊಳೆಹೊನ್ನೂರಿನ ಒಂದು ಬಾವಿ

ಶಿವಮೊಗ್ಗದಿಂದ ಹೊಳೆಹೊನ್ನೂರಿಗೆ ಬರುವ ಯಾತ್ರಿಕನ ಕಣ್ಣು ಮೊದಲು ತಣಿಯುವುದು ಹಸುರಿನಿಂದ. ನಾಲೆಯ ನೀರುಂಡ ಗದ್ದೆಗಳೂ ಅಡಕೆಯ ತೋಟಗಳೂ ದಾರಿಯುದ್ದಕ್ಕೂ ಕಾಣುವುವು. 1830ರಲ್ಲಿ ವೃಂದಾವನಸ್ಥರಾದ ಉತ್ತರಾದಿಮಠದ ಶ್ರೀ ಸತ್ಯಧರ್ಮತೀರ್ಥರ ಸನ್ನಿಧಿಯು ಇಲ್ಲಿಯ ಭದ್ರಾತೀರದಲ್ಲಿರುವುದು. ಇಲ್ಲಿಂದ ಸ್ವಲ್ಪ ದೂರ ಹರಿದು ಭದ್ರೆಯು ಕೂಡ್ಲಿಯಲ್ಲಿ ತುಂಗೆಯನ್ನು ಕೂಡುವಳು. ಇಂತಹ ಊರಿನಲ್ಲಿ ಮನೆಯ ಬಾವಿಯ ನೀರು ಕುಡಿಯಲು ಬಾರದೆಂದರೆ ಯಾರು ತಾನೇ ನಂಬುವರು?

ಕಳೆದ ವರ್ಷ ಯುಗಾದಿಗೆ ತಂಗಿಯ ಮನೆಗೆ ಹೋಗಿದ್ದೆನು. ಸ್ನಾನಮಾಡಿ ಬಾವಿಯಿಂದ ಮಡಿನೀರು ಸೇದಹೊರಟಾಗ ಆಕೆ ತಡೆದು, “ಅಣ್ಣಾ, ಆ ನೀರು ದೇವರಿಗೆ ಬೇಡ. ಎರಡು ತಿಂಗಳಿಂದ ಸೀಮೆಎಣ್ಣೆಯ ವಾಸನೆ” ಎಂದಳು. ಬಗ್ಗಿ ನೋಡಿದೆನು. ನೀರಿನ ಮೇಲೆ ನವಿಲುಗರಿಯ ಬಣ್ಣದ ತೆಳುಪೊರೆಯೊಂದು ಹೊಳೆಯುತ್ತಿತ್ತು. ನಮ್ಮ ಭಾವನವರ ತಂದೆ ತೋಡಿಸಿದ ಬಾವಿಯದು. ನೆರೆಯ ಮೂರು ಮನೆಗಳೂ ಬೇಸಗೆಯಲ್ಲಿ ಅದನ್ನೇ ನಂಬಿದ್ದುವು.

ರಸ್ತೆಯ ಬದಿಯಲ್ಲಿ ಪೆಟ್ರೋಲ್ ಬಂಕೊಂದಿರುವುದು. ಅದರ ನೆಲದೊಳಗಿನ ತೊಟ್ಟಿ ಸೋರಿದೆಯೆಂದು ಕೇರಿಯವರೆಲ್ಲರೂ ನಿಶ್ಚಯಿಸಿದ್ದರು. ತಂಗಿಯ ಮಗನು ದೂರಿನ ಅರ್ಜಿಯನ್ನು ಬರೆದು, “ಮಾವ, ಭಾಷೆಯನ್ನು ತಿದ್ದಿಕೊಡಿ” ಎಂದು ನನ್ನ ಕೈಗಿತ್ತನು. ಸಂಶಯವು ನಿರಾಧಾರವಾದುದಲ್ಲ. ಚೆನ್ನೈಯ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಭೂಗತ ತೈಲಕೊಳವೆ ಸೋರಿ ಮನೆಬಾವಿಗಳಿಗೆ ಇಂಧನವು ನುಗ್ಗಿತು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಆದರೂ ಪ್ರಮಾಣವಿಲ್ಲದೆ ಒಬ್ಬನ ಮೇಲೆ ದೋಷಾರೋಪಣೆಗೆ ಸಹಿ ಹಾಕಲು ನನ್ನ ಮನಸ್ಸೊಪ್ಪಲಿಲ್ಲ. ಭೂಗರ್ಭಶಾಸ್ತ್ರವನ್ನೋದಿದ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆಯಿಸಿದೆನು.

ನಮ್ಮ ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯಲ್ಲಿ, ಮನುಷ್ಯನ ಶರೀರದಲ್ಲಿ ನಾಡಿಗಳಿರುವಂತೆ ಭೂಮಿಯಲ್ಲಿಯೂ ಜಲಸಿರೆಗಳಿರುವುವೆಂದು ಹೇಳಿರುವರು. ಶಿಷ್ಯನು ಇದನ್ನು ಕೇಳಿ ನಕ್ಕು, “ಮೇಷ್ಟ್ರೇ, ಹಾಗಾದರೆ ನಾಡಿ ಯಾವ ಕಡೆಗೆ ಓಡುತ್ತದೆಂದು ಮೊದಲು ನೋಡೋಣ” ಎಂದನು. ಗಾರೆಯವರು ಮಟ್ಟ ನೋಡಲು ಬಳಸುವ ನೀರಿನ ಕೊಳವೆಯನ್ನು ತರಿಸಿ, ಒಂದೇ ಮಟ್ಟದಿಂದ ಮೂರು ಬಾವಿಗಳ ನೀರಿನ ಆಳವನ್ನು ಅಳೆದನು. ಮೂರು ಎಡೆಗಳ ಮಟ್ಟವು ತಿಳಿದರೆ ನೆಲದೊಳಗಿನ ನೀರಿನ ಇಳಿಜಾರು ಗೊತ್ತಾಗುವುದು. ನಮ್ಮ ಬಾವಿಯ ನೀರು ಹೊಳೆಯ ಕಡೆಗೆ ಇಳಿಯುತ್ತಿತ್ತು. ಬಂಕು ಆ ಇಳಿಜಾರಿನ ಕೆಳಗಡೆಯಲ್ಲಿದ್ದಿತು! ಪ್ರಯೋಗಶಾಲೆಗೆ ಕಳುಹಿದ ನೀರಿನ ಉತ್ತರವೂ ಬಂದಿತು: ಅದರಲ್ಲಿದ್ದುದು ಪೆಟ್ರೋಲಲ್ಲ, ಡೀಸೆಲ್.

ಬಂಕಿನಲ್ಲಿಯೂ ಡೀಸೆಲ್ ಮಾರುವರಷ್ಟೆ. ಆದುದರಿಂದ ಶಿಷ್ಯನು ಅಲ್ಲಿಗೇ ನಿಲ್ಲದೆ ಬಾವಿಯ ಮೇಲ್ಗಡೆಯ ಮಣ್ಣನ್ನು ಕೈಬೈರಿಗೆಯಿಂದ ಕೊರೆದು ಮೂಸುತ್ತ ಹೋದನು. ವಾಸನೆಯು ಹೆಚ್ಚುತ್ತ ಹೆಚ್ಚುತ್ತ ನಮ್ಮನ್ನು ಕರೆದೊಯ್ದುದು ತಂಗಿಯ ಮನೆಯ ಹಿತ್ತಿಲ ಕೊಟ್ಟಿಗೆಗೆ. ಅಲ್ಲಿ ಟಿಲ್ಲರಿಗಾಗಿ ಡೀಸೆಲ್ ತುಂಬಿಟ್ಟಿದ್ದ ಪೀಪಾಯಿಯನ್ನು ಹೊರಳಿಸಲು ಅದರ ತಳವು ತುಕ್ಕು ಹಿಡಿದು ಜರಡಿಯಾಗಿದ್ದಿತು. ಭಾವನವರು ಮಾತನಾಡಲಿಲ್ಲ. ಹುಡುಗನು ಅರ್ಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹರಿದುಹಾಕಿದನು. ಆ ಸಂಜೆಯೇ ಇಬ್ಬರೂ ಹೋಗಿ ಬಂಕಿನ ಯಜಮಾನರಿಗೂ ನೆರೆಮನೆಯವರಿಗೂ ನಿಜವನ್ನು ತಿಳಿಸಿ ಕ್ಷಮೆ ಬೇಡಿ ಬಂದರು. ಬಾವಿಯನ್ನು ಶುದ್ಧಿಮಾಡುವುದಕ್ಕಿಂತ ಇದೇ ಕಷ್ಟವಾದ ಕೆಲಸವೆಂದು ನನ್ನ ಭಾವನೆ.

ಬಾವಿಯ ಶುದ್ಧಿಯೂ ಸುಲಭವಲ್ಲ. ಕಲಕಿದ ನೀರನ್ನು ಚಿಲ್ಲದ ಬೀಜವು ತಿಳಿಗೊಳಿಸುವುದು. ಕರಗಿದ ಇಂಧನವನ್ನು ಅದು ತೆಗೆಯಲಾರದು. ಕಾಯಿಸಿ ಕುಡಿಯುವೆವೆಂಬುದೂ ತಪ್ಪು. ಏಳುವ ಆವಿಯು ಅಡಿಗೆಮನೆಯ ಗಾಳಿಯನ್ನೇ ಕೆಡಿಸುವುದು. ಇಂಧನವು ನೀರಿಗಿಂತ ಹಗುರವಾದುದರಿಂದ ಬಹುಭಾಗ ಮೇಲೆ ತೇಲುವುದು. ಸ್ವಲ್ಪ ಭಾಗ ಕರಗುವುದು. ಆ ಸ್ವಲ್ಪವೇ ಅಪಾಯಕರ. ಪೆಟ್ರೋಲಿನಲ್ಲಿ ಹೆಚ್ಚಾಗಿರುವ ಬೆಂಜೀನೆಂಬ ದ್ರವ್ಯವು ಅರ್ಬುದರೋಗಕಾರಕ; ಲೀಟರ್ ನೀರಿನಲ್ಲಿ ಅದು 10 ಮೈಕ್ರೋಗ್ರಾಂ, ಎಂದರೆ ಗ್ರಾಮಿನ ಲಕ್ಷದಲ್ಲೊಂದು ಪಾಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

ಮೊದಲು ತೇಲುವ ಎಣ್ಣೆಯನ್ನು ಹೀರುವ ಬಟ್ಟೆಗಳಿಂದ ತೆಗೆದರು. ನೀರನ್ನು ಮೇಲೆತ್ತಿ, ಗದ್ದೆಗಾಗಲಿ ಚರಂಡಿಗಾಗಲಿ ಬಿಡದೆ, ವಿಶೇಷವಾಗಿ ಸಂಸ್ಕರಿಸಿದ ಇದ್ದಿಲಿನ ಮೂಲಕ ಹಾಯಿಸಿದರು. ಕೊಟ್ಟಿಗೆಯ ಕೆಟ್ಟ ಮಣ್ಣನ್ನು ಅಗೆದು, ದಪ್ಪ ಹಾಳೆಯ ಮೇಲೆ ತೆಳ್ಳಗೆ ಹರಡಿ, ಗೊಬ್ಬರ ಬೆರೆಸಿ, ತೇವಗೊಳಿಸಿ, ಆಗಾಗ ಮಗುಚುತ್ತಿದ್ದರು. ಮಳೆ ಬಂದಾಗ ಮುಚ್ಚಿದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿ, ತೇವ, ಸಾರಗಳು ದೊರೆತರೆ ಡೀಸೆಲನ್ನು ತಿಂದು ಕರಗಿಸಬಲ್ಲುವು. ಅವುಗಳಿಗೆ ಬೇಕಾದುದು ಕಾಲ. ತಿಂಗಳುಗಳು, ಕೆಲವೆಡೆ ವರ್ಷಗಳು.

ಈ ಯುಗಾದಿಗೆ ಮತ್ತೆ ಹೋಗಿದ್ದೆನು. ಪೊರೆ ಕಾಣಲಿಲ್ಲ, ವಾಸನೆಯೂ ಇಲ್ಲ. ಆದರೂ ಮಳೆಗಾಲ ಕಳೆದು ಮತ್ತೊಂದು ಪರೀಕ್ಷೆಯಾಗುವವರೆಗೆ ಕುಡಿಯಬಾರದೆಂದು ಶಿಷ್ಯನ ಕಟ್ಟಪ್ಪಣೆ. ತಂಗಿಯು ನಲ್ಲಿಯ ನೀರನ್ನೇ ದೇವರ ಮುಂದಿಟ್ಟಳು. ಬಾವಿಯ ಕಟ್ಟೆಗೂ ಅರಿಸಿನ ಕುಂಕುಮವಿಟ್ಟು ಬಂದಳು.

ಗೃಹಸ್ಥರೇ, ಇಂದೇ ನಿಮ್ಮ ಹಿತ್ತಿಲಿಗೊಮ್ಮೆ ಹೋಗಿ ನೋಡಿರಿ. ಎಣ್ಣೆಯ ಪೀಪಾಯಿಯಿದ್ದರೆ ಬಾವಿಯಿಂದ ದೂರಕ್ಕೊಯ್ದು, ಅಂಚುಳ್ಳ ಗಾರೆಯ ಕಟ್ಟೆಯ ಮೇಲೆ, ತಳವು ಕಾಣುವಂತೆ ಮರದ ತುಂಡುಗಳ ಮೇಲಿಡಿರಿ. ನೆಲವು ನುಂಗಿದುದನ್ನು ಮರೆಯುವುದಿಲ್ಲ. ಅದನ್ನು ನಮ್ಮ ಕೊಡಕ್ಕೇ ಹಿಂದಿರುಗಿಸುವುದು.