ತಿಥಿ ತಿಳಿಯದ ಅತಿಥಿ

ಬರುವ ತಿಥಿಯನ್ನು ಮುಂದಾಗಿ ತಿಳಿಸದೆ ಬಂದು ಬಾಗಿಲಲ್ಲಿ ನಿಲ್ಲುವವನೇ ಅತಿಥಿ ಎಂದು ಹಿಂದಿನವರು ಆ ಪದವನ್ನು ಬಿಡಿಸಿ ಅರ್ಥ ಹೇಳಿದರು. ಈ ಲಕ್ಷಣವನ್ನು ಹಿಡಿದು ಹುಡುಕಹೊರಟರೆ ಇಂದಿನ ಕಾಲದಲ್ಲಿ ಅತಿಥಿಯೆಂಬವನು ಬಲು ದುರ್ಲಭ. ಬರುವ ದಿನ, ಹೊರಡುವ ಗಳಿಗೆ, ಕೊಠಡಿಯ ಕಿಟಕಿ ಯಾವ ದಿಕ್ಕಿಗೆ ತೆರೆದಿರಬೇಕೆಂಬ ವಿಚಾರ, ಎಲ್ಲವೂ ಕೈಯಲ್ಲಿರುವ ಫೋನಿನ ಮೂಲಕ ತಿಂಗಳ ಮುಂಚೆಯೇ ನಿಶ್ಚಯವಾಗಿಬಿಟ್ಟಿರುತ್ತದೆ.

ಉಡುಪಿಯ ಸೀಮೆಗೆ ಅತಿಥಿಸತ್ಕಾರ ಹೊಸತಲ್ಲ. ಬಿಸಿಲಿನಲ್ಲಿ ನಡೆದು ಬಂದವನ ಮುಂದೆ ಒಂದು ತುಂಡು ಬೆಲ್ಲವನ್ನೂ ಒಂದು ತಂಬಿಗೆ ನೀರನ್ನೂ ಇಟ್ಟು, ಆ ಬಳಿಕ ಬಂದ ಕಾರ್ಯವೇನೆಂದು ಕೇಳುವುದು ತುಳುನಾಡಿನ ಮನೆಗಳ ಪದ್ಧತಿ. ಶ್ರೀಕೃಷ್ಣಮಠದಲ್ಲಿ ಯಾತ್ರಿಕರಿಗೆ ಊಟಕ್ಕೆ ಬೆಲೆಯಿಲ್ಲ. ಅನ್ನವನ್ನು ಮಾರದಿದ್ದ ಈ ನೆಲದಿಂದ ಹೊರಟವರೇ ದೇಶದ ದೊಡ್ಡ ಪಟ್ಟಣಗಳಿಗೆ ಹೋಟೆಲಿನ ಊಟದ ರುಚಿಯನ್ನು ಹತ್ತಿಸಿದರೆಂಬುದು ಒಂದು ಸೋಜಿಗವೇ ಸರಿ. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾಯಿತು. ಊಟಕ್ಕೆ ಬೆಲೆ ಕಟ್ಟಬಹುದು. ಬೆಲ್ಲ ನೀರಿನಲ್ಲಿದ್ದ ಆದರವೂ ಆ ಬೆಲೆಯೊಳಗೆ ಸೇರಿತೆ? ಇದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ.

ಉಡುಪಿಗೆ ಬರುವ ಯಾತ್ರಿಕನಿಗೆ ತಿಥಿ ಚೆನ್ನಾಗಿ ಗೊತ್ತು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ. ಅಂದಿನ ರಾತ್ರಿ ರಥಬೀದಿಯ ಸುತ್ತ ಒಂದು ಚಾಪೆಯಷ್ಟು ಜಾಗ ದೊರೆತರೂ ಭಾಗ್ಯವೇ. ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ ನಲವತ್ತೆರಡು ಅಡಿಯ ಗೊಮ್ಮಟನಿಗೆ 2015ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ದೂರದೂರುಗಳಿಂದ ಬಂದವರೂ ದಿನ ನೋಡಿಯೇ ಬಂದವರು. ಕಾಪುವಿಗೆ ಬರುವವನಿಗಂತೂ ದಿನವಲ್ಲ, ಗಳಿಗೆಯೇ ಮುಖ್ಯ. 1901ರ ದೀಪಸ್ತಂಭದ ಬುಡದ ಬಂಡೆಯನ್ನೇರಿ, ಸೂರ್ಯನು ಕಡಲಿಗಿಳಿಯುವುದನ್ನು ಕಂಡು, ಚಿತ್ರ ತೆಗೆದುಕೊಂಡು, ಮರಳು ಹತ್ತಿದ ಕಾಲಿನಿಂದ ಅವನು ಕೊಠಡಿಗೆ ಹಿಂತಿರುಗುತ್ತಾನೆ. ಮೊರಾಕ್ಕೊ ದೇಶದ ಮರುಭೂಮಿಯ ಅಂಚಿನಲ್ಲಿ, ಮೆರ್ಜೂಗ ಎಂಬ ಊರಿನ ವಸತಿಗೃಹಗಳಲ್ಲಿಯೂ ಇದೇ ಕ್ರಮ. ಬೆಲ್ಲ ನೀರಿನ ಸ್ಥಾನದಲ್ಲಿ ಪುದೀನದ ಚಹ, ಅಲೆಗಳ ಸ್ಥಾನದಲ್ಲಿ ಮರಳ ದಿಬ್ಬ, ಅಷ್ಟೇ ವ್ಯತ್ಯಾಸ. ಮರಳಿನ ಕಡಲಾಗಲಿ ನೀರಿನ ಕಡಲಾಗಲಿ, ಮುಳುಗುವ ಸೂರ್ಯನನ್ನು ನೋಡಲು ಬಂದವನು ಮಾರನೆಯ ದಿನ ಹೊರಡತಕ್ಕವನೇ.

ಆದರೆ ಮಣಿಪಾಲದ ಸಂಗತಿ ಬೇರೆ. ಹಿಂದೆ ಬೋಳುಗುಡ್ಡವಾಗಿದ್ದ ಅಲ್ಲಿ ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1961ರಲ್ಲಿ ಆಸ್ಪತ್ರೆಯೂ ಬಂತು. ಅಂದಿನಿಂದ ಘಟ್ಟದ ಮೇಲಿನ ಜನರೂ ಉತ್ತರ ಕನ್ನಡದವರೂ ರೋಗಿಗಳನ್ನು ಕರೆದುಕೊಂಡು ಈ ಗುಡ್ಡವನ್ನೇರುತ್ತಿದ್ದಾರೆ. ರೋಗಿಗೆ ವಾರ್ಡಿನಲ್ಲಿ ಮಂಚವುಂಟು. ಜೊತೆಗೆ ಬಂದವರಿಗೆ ಸುತ್ತಲಿನ ಸಣ್ಣ ಲಾಡ್ಜುಗಳೇ ಗತಿ.

ಅಂಥದೊಂದು ಲಾಡ್ಜಿಗೆ ಮಳೆಗಾಲದ ಒಂದು ಸಂಜೆ ಮಲೆನಾಡಿನ ಮುದುಕರೊಬ್ಬರು ಬಂದರು. ಕೈಯಲ್ಲಿ ಒಂದು ಚೀಲ, ಕಂಕುಳಲ್ಲಿ ಕೊಡೆ. ಹೆಂಡತಿಯನ್ನು ಅಂದೇ ವಾರ್ಡಿಗೆ ಸೇರಿಸಿದ್ದರು.

“ಎಷ್ಟು ದಿನ ಇರ್ತೀರಿ, ಯಜಮಾನ್ರೇ?” ಎಂದು ಮೇನೇಜರು ಪುಸ್ತಕವನ್ನು ತೆರೆದು ಕೇಳಿದರು.

“ಡಾಕ್ಟರು ಹೇಳಿದಷ್ಟು ದಿನ, ಸ್ವಾಮಿ.”

ಮೇನೇಜರ ಲೇಖನಿ ಒಂದು ಕ್ಷಣ ನಿಂತಿತು. ಹೊರಡುವ ದಿನದ ಅಂಕಣವನ್ನು ಅವರು ಖಾಲಿ ಬಿಟ್ಟರು. ಮೂರು ದಿನದ ಮುಂಗಡ ಕೇಳಬೇಕಾದಲ್ಲಿ ಒಂದು ದಿನದ್ದನ್ನು ಮಾತ್ರ ತೆಗೆದುಕೊಂಡರು.

ಮುದುಕರು ಊಟಕ್ಕೆ ಕುಳಿತರೂ ಅನ್ನವನ್ನು ಕಲಸುತ್ತಲೇ ಇರುವುದನ್ನು ಕೆಳಗಿನ ಹೋಟೆಲಿನ ಮಾಣಿ ಎರಡು ದಿನ ಕಂಡನು. ಮೂರನೆಯ ದಿನ ಅವನಾಗಿಯೇ, “ಅಜ್ಜೇರೇ, ಅಮ್ಮನಿಗೆ ಗಂಜಿ ಆಗ್ತದಾ?” ಎಂದು ವಿಚಾರಿಸಿದನು. ಡಾಕ್ಟರ ಅಪ್ಪಣೆ ದೊರೆಯಿತು. ಅಂದಿನಿಂದ ಬೆಳಿಗ್ಗೆ ಏಳು ಗಂಟೆಗೆ ಕುಚ್ಚಲಕ್ಕಿಯ ತಿಳಿಗಂಜಿ ತುಂಬಿದ ಸ್ಟೀಲಿನ ಪಾತ್ರೆ ಗಲ್ಲಾದ ಮೇಲೆ ಸಿದ್ಧವಾಗಿರುತ್ತಿತ್ತು. ಹಣ ಕೊಡಹೋದರೆ, ಗಂಜಿಗೆ ದರಪಟ್ಟಿಯಲ್ಲಿ ಹೆಸರೇ ಇಲ್ಲವೆಂದು ಮಾಣಿ ಜಾರಿಕೊಳ್ಳುತ್ತಿದ್ದನು.

ಹನ್ನೊಂದನೆಯ ದಿನ ಮುದುಕರು ಹೆಂಡತಿಯ ಕೈಹಿಡಿದು ಮೆಟ್ಟಿಲಿನ ಬಳಿ ಬಂದರು. ಆಕೆ ಕುಳಿತುಕೊಳ್ಳಲೊಪ್ಪದೆ, “ಗಂಜಿ ಕಳಿಸ್ತಿದ್ದ ಮಗು ಯಾರು?” ಎಂದಳು. ಮಾಣಿ ಹೆಗಲ ಬಟ್ಟೆಗೆ ಕೈಯೊರಸಿಕೊಳ್ಳುತ್ತ ಅಡಿಗೆಮನೆಯಿಂದ ಹೊರಗೆ ಬಂದನು. ಆಕೆ ಅವನ ಮುಖವನ್ನು ನೋಡಿ, “ಉಪ್ಪು ಹದವಾಗಿತ್ತಪ್ಪ” ಎಂದಳು. ಬೇರೇನೂ ಹೇಳಲಿಲ್ಲ.

ಎಲ್ಲರ ಲೆಕ್ಕವೂ ಹೀಗೆ ಮುಗಿಯುವುದಿಲ್ಲ. ಇಬ್ಬರಾಗಿ ಬಂದವರು ಒಬ್ಬರಾಗಿ ಗುಡ್ಡವಿಳಿಯುವುದೂ ಉಂಟು. ಅಂಥ ದಿನ ಬಿಲ್ಲನ್ನು ಮುಂದಕ್ಕೆ ತಳ್ಳುವ ಕೈಗೆ ಧೈರ್ಯ ಸಾಲದು. ತಳ್ಳದೆ ಲಾಡ್ಜು ನಡೆಯದು. ದಿನದ ಬಾಡಿಗೆಯ ಮೇಲೆ ಬದುಕುವ ಸಣ್ಣ ಯಜಮಾನನ ಕಷ್ಟವನ್ನೂ ಬಲ್ಲವರೇ ಬಲ್ಲರು.

ಸೂರ್ಯಾಸ್ತವನ್ನು ಕಂಡು ಹೊರಟವನು ಇಂದು ಫೋನಿನಲ್ಲಿ ನಕ್ಷತ್ರಗಳನ್ನೊತ್ತಿ ಮೆಚ್ಚುಗೆ ಸೂಚಿಸುತ್ತಾನೆ. ಹಾಸಿಗೆಗೆ ಇಷ್ಟು, ಉಪಾಹಾರಕ್ಕೆ ಇಷ್ಟು. ಮಲೆನಾಡಿನ ಮುದುಕರಿಗೆ ಆ ವಿದ್ಯೆ ಬಾರದು. ಅವರು ಹೋದ ಮೇಲೆ ಮೇನೇಜರು ಪುಸ್ತಕದ ಖಾಲಿ ಅಂಕಣದಲ್ಲಿ ತಾರೀಕನ್ನು ಬರೆದು, ಮುಂದೆ ನಿಂತಿದ್ದವನನ್ನು ಕೇಳಿದರು:

“ಕುಳಿತುಕೊಳ್ಳಿ. ನೀರು ಬೇಕಾ?”